ಬಸ್ಸಿಗೆ ಒಂದೇ ಕದದ ಬಾಗಿಲು

ಮನೆ ಕಟ್ಟಿಸುವ ಗೆಳೆಯರು ಕಿಟಕಿ ಎಷ್ಟಿರಬೇಕು, ಒಲೆ ಯಾವ ಮೂಲೆಗೆ ಬರಬೇಕು ಎಂದು ನನ್ನನ್ನು ವಿಚಾರಿಸುವುದುಂಟು. ಮೇಷ್ಟರಾದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಸೀಮೆಯಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಒಲೆಯ ಬಗ್ಗೆ ನಾನು ಧಾರಾಳವಾಗಿ ಮಾತಾಡುತ್ತೇನೆ. ಮಾತು ಬಾಗಿಲಿಗೆ ಬಂದೊಡನೆ ನಶ್ಯದ ಡಬ್ಬಿ ಹುಡುಕುವ ನೆಪದಲ್ಲಿ ಎದ್ದುಬಿಡುತ್ತೇನೆ. ಕಾರಣವಿಲ್ಲದೆ ಏಳುವ ವಯಸ್ಸು ನನ್ನದಲ್ಲ. ಇಡೀ ಜೀವಮಾನದಲ್ಲಿ ನಾನು ಮುಂದೆ ನಿಂತು ಮಾಡಿಸಿದ್ದು ಒಂದೇ ಒಂದು ಬಾಗಿಲು. ಅದು ಮನೆಯದಲ್ಲ, ಗುಡಿಯದಲ್ಲ, ಒಂದು ಬಸ್ಸಿನದು.

ಯುದ್ಧದ ಕಾಲ. ಮಧುಗಿರಿಯವನಾದ ನಾನು ಆಗ ಶಿರಾದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಬೆಂಗಳೂರಿನವರು ಓಡಿಸಿ ಓಡಿಸಿ ಸಾಕಾಗಿ ಕೈಬಿಟ್ಟಿದ್ದ ಶಾಲೆಯ ಬಸ್ಸೊಂದನ್ನು ದೊಡ್ಡ ಮನುಷ್ಯರೊಬ್ಬರು ನಮಗೆ ದಾನ ಮಾಡಿದರು. ಪೆಟ್ರೋಲು ಸಿಗದ ದಿನಗಳಾದ್ದರಿಂದ ಬಸ್ಸಿನ ಬೆನ್ನಿಗೆ, ಎಂಜಿನ್ನಿಗೆ ಗ್ಯಾಸು ಒದಗಿಸುವ ಇದ್ದಿಲ ಒಲೆಯೊಂದನ್ನು ಕಟ್ಟಲಾಗಿತ್ತು. ಡ್ರೈವರು ಇಮಾಂ ಸಾಬರು ಬೆಳಿಗ್ಗೆ ಎದ್ದು ಅದಕ್ಕೆ ಗಾಳಿ ಹಾಕುವುದನ್ನು ನೋಡಿದರೆ ಬಸ್ಸು ಹೊರಡಿಸುತ್ತಿದ್ದಾರೋ ಮದುವೆಯಡಿಗೆಗೆ ಹೊರಟಿದ್ದಾರೋ ತಿಳಿಯುತ್ತಿರಲಿಲ್ಲ. ಈ ವಾಹನ ತಾವರೆಕೆರೆಯ ಕಡೆಯಿಂದ ಹೊರಟು ದಾರಿಯ ಹಳ್ಳಿಗಳ ಇಪ್ಪತ್ತು ಹುಡುಗಿಯರನ್ನು ಹತ್ತಿಸಿಕೊಂಡು, ಕೆಮ್ಮುತ್ತ, ಶಾಲೆಯ ಗಂಟೆ ಹೊಡೆದ ಮೇಲೆ ಶಿರಾ ತಲುಪುತ್ತಿತ್ತು. ಬಸ್ಸಿನ ಉಸ್ತುವಾರಿ ನನ್ನ ಪಾಲಿಗೆ ಬಂತು. ಲೆಕ್ಕದ ಮೇಷ್ಟರಿಗೆ ವೃತ್ತ ಗೊತ್ತು, ವೃತ್ತ ಗೊತ್ತಿದ್ದವನಿಗೆ ಚಕ್ರ ಗೊತ್ತು ಎಂಬುದು ಹೆಡ್‌ಮಾಸ್ಟರ ತರ್ಕ.

ಆ ಬಸ್ಸಿಗಿದ್ದದ್ದು ಮಡಿಸುವ ಬಾಗಿಲು. ಎರಡು ಸಣ್ಣ ಕದಗಳು ನಡುವೆ ಕೀಲಿನಿಂದ ಸೇರಿಕೊಂಡಿದ್ದವು. ಡ್ರೈವರು ಕೂತಲ್ಲಿಂದಲೇ ಒಂದು ಹಿಡಿ ಎಳೆದರೆ ಅವು ಪಂಚೆ ಮಡಿಸಿದಂತೆ ಒಂದರ ಮೇಲೊಂದು ಮಡಿದುಕೊಳ್ಳಬೇಕು. ಬೆಂಗಳೂರಿನಲ್ಲಿ ಹಾಗೆಯೇ ಮಡಿದುಕೊಳ್ಳುತ್ತಿದ್ದವಂತೆ. ನಮ್ಮ ರಸ್ತೆಗೆ ಬಂದ ಮೇಲೆ ಆ ಹಿಡಿ ಕಿತ್ತು ಬಂತು, ಕದಗಳು ಸ್ವತಂತ್ರವಾದವು. ಹಳ್ಳಕ್ಕಿಳಿದಾಗ ತೆರೆದುಕೊಳ್ಳುವುದು, ದಿಣ್ಣೆ ಹತ್ತುವಾಗ ಮುಚ್ಚಿಕೊಳ್ಳುವುದು, ನಡುವೆ ಯಾರದಾದರೂ ಬೆರಳು ಸಿಕ್ಕರೆ ಅದನ್ನು ಬಿಡದಿರುವುದು. ಬಾಗಿಲ ಪಕ್ಕದಲ್ಲಿ ಒಬ್ಬರೇ ಕೂರುವ ಸಣ್ಣ ಸೀಟೊಂದಿತ್ತು. ಇಡೀ ರಸ್ತೆಯ ಧೂಳು ಮೊದಲು ಅಲ್ಲಿಗೆ ಬಂದು ಆಮೇಲೆ ಉಳಿದವರಿಗೆ ಹಂಚಿಕೆಯಾಗುತ್ತಿದ್ದುದರಿಂದ ಅದು ಯಾರಿಗೂ ಬೇಡವಾದ ಜಾಗ. ಎಲ್ಲರಿಗಿಂತ ಕೊನೆಗೆ ಶಾಲೆಗೆ ಸೇರಿದ ಕೆಂಚಮ್ಮ ಎಂಬ ಹುಡುಗಿಗೆ ಅದು ದಕ್ಕಿತು. ಅವಳು ಅಲ್ಲಿ ಕೂತು, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಒಂದು ಕಾಲಿನಿಂದ ಕದವನ್ನು ಒತ್ತಿ ಹಿಡಿದು ಪಾಠ ಓದುತ್ತಿದ್ದಳು.

ಕೆಂಚಮ್ಮನಿಗೆ ಹದಿಮೂರು ವರ್ಷ. ಲೆಕ್ಕದಲ್ಲಿ ನನಗಿಂತ ಚುರುಕು. ಇದು ಹೆಚ್ಚಿನ ಹೊಗಳಿಕೆಯಲ್ಲ, ಆದರೂ ಹೇಳಿರುತ್ತೇನೆ. ಅವಳನ್ನು ದಿನವೂ ರಸ್ತೆಯವರೆಗೆ ಕರೆತರುತ್ತಿದ್ದವಳು ಅವಳ ಅಜ್ಜಿ. ಒಂದು ದಿನ ನಾನು ಡ್ರೈವರ ಪಕ್ಕದಲ್ಲಿ ಕೂತು ಹೋಗಿದ್ದೆ. ಬಸ್ಸು ನಿಂತಾಗ ಆಕೆ ಕಿಟಕಿಯ ಹತ್ತಿರ ಬಂದು ನನ್ನೊಡನೆ ಮಾತಾಡಿದ್ದಳು.

"ಮೇಷ್ಟ್ರೇ, ಇವ್ಳು ಇಸ್ಕೂಲಿಗೆ ಹೋಗೋಗಂಟ ಮದ್ವೆ ಮಾತೆತ್ತಾಕಿಲ್ಲ ಅಂತ ನನ್ನ ಮಗ ಭಾಷೆ ಕೊಟ್ಟವ್ನೆ. ಇಸ್ಕೂಲು ನಿಂತ್ರೆ ಭಾಷೇನೂ ನಿಂತೋಯ್ತದೆ. ಗೆಪ್ತಿ ಇರ್ಲಿ."

ಗೆಪ್ತಿ ಇರುತ್ತದೆ, ಮರೆಯುವುದಿಲ್ಲ ಎಂದು ನಾನು ಹೇಳಿದೆ. ಮೇಷ್ಟರುಗಳ ಮಾತಿಗೆ ಒಂದು ತೂಕವಿರುತ್ತದೆ.

ಈ ನಡುವೆ ದಾರಿಯ ಊರೊಂದರ ಪಟೇಲರ ಮೊಮ್ಮಗಳ ಕಿರುಬೆರಳು ಬಾಗಿಲಿಗೆ ಸಿಕ್ಕಿತು. ಉಳಿದವರ ಹತ್ತಾರು ಬೆರಳು ಸಿಕ್ಕಾಗ ಇಲ್ಲದ ಸಭೆ ಆ ಒಂದು ಬೆರಳಿಗೆ ಸೇರಿತು. ಪಟೇಲರು ಬಸ್ಸನ್ನು ಒಂದು ಸುತ್ತು ಬಂದು, ಹರಕೆಯ ಕುರಿ ನೋಡಿದಂತೆ ನೋಡಿ, ತೀರ್ಪು ಕೊಟ್ಟರು.

"ಇದು ಬಾಗ್ಲೇನ್ರೀ? ಕೋಳಿ ಗೂಡಿಗೂ ಇದಕ್ಕಿಂತ ವಾಸಿ ಬಾಗ್ಲು ಇರ್ತದೆ. ಹೆಣ್ಮಕ್ಳು ಕೂರೋ ಜಾಗ. ಒಂದೇ ಕದ ಇರ್ಬೇಕು, ಅಗುಳಿ ಇರ್ಬೇಕು. ಇನ್ನೊಂದು ಮಾತು, ಒಳಗೆ ಯಾವ ಹುಡ್ಗೀನೂ ನಿಂತ್ಕಂಬಾರ್ದು. ನಿಂತ್ರೆ ಬೀದಿಯೋರಿಗೆಲ್ಲ ಕಾಣ್ತಾರೆ. ಕೂತ್ಕಂಡೇ ಹೋಗ್ಬೇಕು, ಕೂತ್ಕಂಡೇ ಬರ್ಬೇಕು. ಇಲ್ದಿದ್ರೆ ನಮ್ಮೂರಿಂದ ಒಂದು ಕೂಸೂ ಬರಾಕಿಲ್ಲ."

ಪಟೇಲರ ಊರಿನಿಂದ ಬರುತ್ತಿದ್ದ ಹುಡುಗಿಯರು ಒಂಬತ್ತು. ಒಪ್ಪದೆ ಗತ್ಯಂತರವಿರಲಿಲ್ಲ.

ಬಾಗಿಲು ಮಾಡಲು ವೀರಾಚಾರಿ ಬಂದ. ಶಿರಾದ ಸುತ್ತ ಗಟ್ಟಿಯಾಗಿ ನಿಂತ ಬಾಗಿಲುಗಳಲ್ಲಿ ಅರ್ಧ ಅವನವು, ಉಳಿದರ್ಧ ಅವನಪ್ಪನವು. ಕೊರಟಗೆರೆಯ ಕಡೆಯಿಂದ ಹೊನ್ನೆಯ ಹಲಗೆ ತರಿಸಿದ. ಹಳೆಯ ಕದಗಳನ್ನು ಬಿಚ್ಚಿ ನೆಲಕ್ಕಿಟ್ಟು, ಅವುಗಳ ನಡುವಿನ ಕೀಲನ್ನು ಬಹಳ ಹೊತ್ತು ಮಡಿಸಿ ಬಿಚ್ಚಿ ನೋಡಿ, "ಕೆಲ್ಸ ಚೆನ್ನಾಗೈತೆ, ಬುದ್ಧಿ ಸರಿಯಿಲ್ಲ" ಎಂದ. ಆಮೇಲೆ ನನ್ನ ಕಡೆ ತಿರುಗಿ ಆ ಪ್ರಶ್ನೆ ಕೇಳಿದ.

"ಬಾಗ್ಲು ತೆರೆಯೋದು ಒಳಿಕ್ಕೋ, ಹೊರಿಕ್ಕೋ ಸ್ವಾಮಿ?"

ಮಡಿಸುವ ಬಾಗಿಲಿಗೆ ಈ ಸಮಸ್ಯೆಯಿಲ್ಲ. ಅದು ತನ್ನಲ್ಲಿ ತಾನೇ ಅಡಗುತ್ತದೆ. ಒಂಟಿ ಕದ ಹಾಗಲ್ಲ, ಎಲ್ಲಿಗಾದರೂ ತಿರುಗಲೇಬೇಕು, ತಿರುಗಿದಷ್ಟು ಜಾಗವನ್ನು ನುಂಗಲೇಬೇಕು. ಇಮಾಂ ಸಾಬರು ಇದನ್ನು ಎರಡೇ ಮಾತಿನಲ್ಲಿ ಹೇಳಿದರು: "ಹೊರಗೆ ಇಡ್ಸಿ ಮೇಷ್ಟ್ರೇ. ಒಳಗೆ ಇಟ್ರೆ ಸೀಟು ಹೋಯ್ತದೆ."

ಆಚಾರಿಗೆ ಇದು ಮಾತಾಡತಕ್ಕ ವಿಷಯವಾಗಿಯೇ ಕಾಣಲಿಲ್ಲ. "ಸಾಬ್ರೇ, ಲಕ್ಷ್ಮಿ ಯಾವ ಕಡಿಂದ ಬರ್ತಾಳೆ? ಹೊರಗಿಂದ ಒಳಿಕ್ಕೆ. ಬಾಗ್ಲೂ ಒಳಿಕ್ಕೇ ತೆರೀಬೇಕು. ನಮ್ಮಪ್ಪನ ಕಾಲ್ದಿಂದ ಹೊರಿಕ್ಕೆ ತೆರೆಯೋ ಬಾಗ್ಲು ನಮ್ಮ ಕೈಯಾಗೆ ಆಗಿಲ್ಲ."

"ನನ್ನ ಬಸ್ಸಿಗೆ ಲಕ್ಷ್ಮಿ ಹತ್ತೋದಿಲ್ಲ ಆಚಾರಿ, ಚೀಲ ಹಿಡ್ಕೊಂಡು ಹುಡುಗೀರು ಹತ್ತೋದು."

"ಅವ್ರೇ ಲಕ್ಷ್ಮಿ ಕಣಯ್ಯಾ."

ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಇಮಾಂ ಸಾಬರ ಮಾತು ಕೇಳಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ಪ್ರಶ್ನೆ ಶಾಸ್ತ್ರದ್ದಾಯಿತು, ಶಾಸ್ತ್ರವೆಂದ ಮೇಲೆ ಓದಿದವನು ಸುಮ್ಮನಿರಬಾರದು. ನಮ್ಮ ಮಧುಗಿರಿ ಬೆಟ್ಟದ ಕೋಟೆಯನ್ನೇ ಉದಾಹರಣೆಗೆ ತೆಗೆದುಕೊಂಡೆ. ಕೆಳಗಿನಿಂದ ಮೇಲಿನವರೆಗೆ ಬಾಗಿಲ ಮೇಲೆ ಬಾಗಿಲು, ಒಂದೊಂದರಲ್ಲೂ ಕದದ ತಿರುಗಣಿಯ ಗುಳಿ ಗೋಡೆಯ ಒಳಮೈಯಲ್ಲಿದೆ. ಅಂದರೆ ಎಲ್ಲ ಕದಗಳೂ ಒಳಕ್ಕೇ ತೆರೆಯುತ್ತಿದ್ದವು. ಪಾಳೆಯಗಾರರು ದಡ್ಡರಲ್ಲ. ಅರಮನೆ, ಗುಡಿ, ಕಣಜ, ಉಪ್ಪಿನಕಾಯಿಯ ಕೋಣೆ, ಎಲ್ಲಿ ನೋಡಿದರೂ ಇದೇ ನಿಯಮ. ಹೀಗೆ ಸುಮಾರು ಅರ್ಧ ಗಂಟೆ ಮಾತಾಡಿದೆ. ಆಚಾರಿ ಕೈಕಟ್ಟಿ ಕೇಳಿದ. ಇಮಾಂ ಸಾಬರು ಬೀಡಿ ಹಚ್ಚಿದರು. ಕೋಟೆಯ ಒಳಗೆ ಯಾರಿಗೂ ಸೀಟುಗಳಿರಲಿಲ್ಲ ಎಂಬ ಅಲ್ಪ ಸಂಗತಿ ನನಗೆ ಆ ಅರ್ಧ ಗಂಟೆಯಲ್ಲಿ ಹೊಳೆಯಲೇ ಇಲ್ಲ.

ಕೊನೆಗೆ ಸೀಮೆಸುಣ್ಣದಿಂದ ಬಸ್ಸಿನ ನೆಲದ ಮೇಲೆ ಕದ ತಿರುಗುವ ಕಾಲು ವೃತ್ತವನ್ನು ನಾನೇ ಎಳೆದೆ. ಒಳ್ಳೆಯ ಕಾಲು ವೃತ್ತ. ಅದು ಬಾಗಿಲ ಪಕ್ಕದ ಒಂಟಿ ಸೀಟಿನ ಮೇಲೆ ಸರಿಯಾಗಿ ಹಾದುಹೋಯಿತು. "ಒಂದೇ ಸೀಟು ತಾನೆ" ಎಂದೆ.

ಆಚಾರಿ ಸೀಟನ್ನು ಬಿಚ್ಚಿದ. ಬಾಗಿಲು ನಿಂತಿತು. ಕೆಳಗೆ ಹೊಸ್ತಿಲಿಗೆಂದು ಒಂದು ಪಟ್ಟಿ ಹೊಡೆದು, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಕಾಯಿ ಒಡೆದು ಪೂಜೆಯನ್ನೂ ಮಾಡಿದೆವು. ಪಟೇಲರು ಅಗುಳಿ ಹಾಕಿ ತೆಗೆದು ತೃಪ್ತಿಪಟ್ಟರು. ಮರುದಿನ ಬೆಳಿಗ್ಗೆ ದಾರಿಯುದ್ದಕ್ಕೂ ಹತ್ತಬೇಕಾದ ಹುಡುಗಿಯರು ಇಪ್ಪತ್ತು, ಸೀಟು ಹತ್ತೊಂಬತ್ತು. ನಿಲ್ಲುವಂತಿಲ್ಲ. ಸೀಟುಗಳ ನಡುವೆ ಕಬ್ಬಿಣದ ಕೈಯಾಸರೆ ಇದ್ದುದರಿಂದ ಇಬ್ಬರ ಜಾಗದಲ್ಲಿ ಮೂವರು ಕೂರುವಂತಿಲ್ಲ. ನಡುವಿನ ಓಣಿ ಕಾಲಿಡುವಷ್ಟೇ ಅಗಲ, ಅಲ್ಲಿ ನೆಲಕ್ಕೆ ಕೂರುವಂತಿಲ್ಲ. ಡ್ರೈವರ ಪಕ್ಕದಲ್ಲಂತೂ ಕೂರಿಸುವಂತೆಯೇ ಇಲ್ಲ. ಕೆಂಚಮ್ಮ ತನ್ನೂರಿನಲ್ಲಿ ಹತ್ತಿ, ತನ್ನ ಜಾಗವಿದ್ದ ಕಡೆ ಒಮ್ಮೆ ನೋಡಿ, ಯಾರೂ ಹೇಳುವ ಮುಂಚೆಯೇ ಇಳಿದಳು. ನನ್ನ ಮುಂದೆ ಲೆಕ್ಕ ಮಾಡಿ ಉತ್ತರವನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

"ಹದಿನೈದು ದಿವಸ ತಡಿಯವ್ವ" ಎಂದೆ. "ಬಾಗಿಲು ತಿರುಗಿಸಿ ಹಾಕಿಸ್ತೀನಿ."

ಇಮಾಂ ಸಾಬರು ಇನ್ನೊಂದು ದಾರಿ ಸೂಚಿಸಿದ್ದರು. ದಿನಕ್ಕೊಬ್ಬಳಂತೆ ಸರದಿಯ ಮೇಲೆ ಮನೆಯಲ್ಲಿ ಉಳಿದರೆ ಯಾರ ಓದೂ ನಿಲ್ಲುವುದಿಲ್ಲ ಎಂದು. ಎಲ್ಲರ ಹಾಜರಿಯೂ ಕೆಡುತ್ತದೆ ಎಂದು ನಾನು ಒಪ್ಪಲಿಲ್ಲ. ಒಬ್ಬಳದು ಪೂರ್ತಿ ಕೆಡುವುದು ನನಗೆ ಅಚ್ಚುಕಟ್ಟಾಗಿ ಕಂಡಿತು.

ವೀರಾಚಾರಿಯ ಹತ್ತಿರ ಹೋದರೆ ಅವನು ಉಳಿಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ.

"ಪೂಜೆ ಮಾಡಿ ಕೂರ್ಸಿರೋ ಬಾಗ್ಲು ಸ್ವಾಮಿ. ನೀವೇ ಕಾಯಿ ಒಡೆದ್ರಿ. ನಾಳಿಕ್ಕೆ ಆಷಾಢ ಹುಟ್ತದೆ. ಆಷಾಢದಾಗೆ ಬಾಗ್ಲು ಕೀಳೋದು ಉಂಟಾ? ಶ್ರಾವಣ ಬರ್ಲಿ ಬುಡಿ."

ಅವನಿಗೆ ಪಾಳೆಯಗಾರರ ಉದಾಹರಣೆ ಕೊಟ್ಟವನು ಈಗ ಯಾವ ಉದಾಹರಣೆ ಕೊಡಬೇಕು? ಆಷಾಢದಲ್ಲಿ ಮದುವೆಯೂ ನಡೆಯುವುದಿಲ್ಲ ಎಂದು ನೆನೆದು ಸಮಾಧಾನ ಮಾಡಿಕೊಂಡೆ. ಆಚಾರಿಯನ್ನು ತಡೆದ ತಿಂಗಳೇ ಕೆಂಚಮ್ಮನ ಅಪ್ಪನನ್ನೂ ತಡೆಯುತ್ತದೆ, ಶ್ರಾವಣ ಬಂದೊಡನೆ ನಾವು ಮುಂದಾದರೆ ಸರಿ. ಅಲ್ಲಿಯವರೆಗೆ ಎಂದು ದಿನವೂ ಒಂದು ಹಾಳೆಯಲ್ಲಿ ನಾಲ್ಕು ಲೆಕ್ಕ ಬರೆದು ಇಮಾಂ ಸಾಬರ ಕೈಗೆ ಕೊಡುತ್ತಿದ್ದೆ. ಅಜ್ಜಿ ರಸ್ತೆಗೆ ಬಂದು ಹಾಳೆ ಇಸಿದುಕೊಂಡು ಹಿಂದಿನ ದಿನದ್ದನ್ನು ಕೊಡುತ್ತಿದ್ದಳು. ನಾಲ್ಕಕ್ಕೆ ನಾಲ್ಕೂ ಸರಿ. ಒಮ್ಮೆ ನಾನೇ ಪ್ರಶ್ನೆಯಲ್ಲಿ ತಪ್ಪು ಮಾಡಿದ್ದೆ. ಅದರ ಕೆಳಗೆ ಅವಳು "ಈ ಲೆಕ್ಕಕ್ಕೆ ಉತ್ತರವಿಲ್ಲ" ಎಂದು ಬರೆದು, ತಪ್ಪೆಲ್ಲಿದೆಯೆಂದು ಗೆರೆ ಎಳೆದು ಕಳಿಸಿದ್ದಳು.

ಶ್ರಾವಣ ಹುಟ್ಟಿದ ದಿನವೇ ಆಚಾರಿಯ ಅಂಗಳಕ್ಕೆ ಹೋದೆ. ಕಾಲಿಡಲು ಜಾಗವಿಲ್ಲದಂತೆ ಮರ ಬಿದ್ದಿತ್ತು.

"ಈಗೆಲ್ಲಿ ಸ್ವಾಮಿ? ಒಂದು ತಿಂಗ್ಳು ಮದ್ವೆ ನಿಂತಿದ್ವಲ್ಲ, ಎಲ್ರೂ ಒಟ್ಟಿಗೆ ಬಂದವ್ರೆ. ಹಸೆಮಣೆ ಮಾಡಾದ್ರಾಗೇ ಕೈ ಬಿದ್ದೋಗ್ತೈತೆ. ಇದೊಂದು ಮುಗೀಲಿ, ಮುಂದಿನ ವಾರ ಬತ್ತೀನಿ."

ಅವನ ಮುಂದೆ ಆಗತಾನೇ ಕೆತ್ತಿದ ಹಸೆಮಣೆಯಿತ್ತು. ನಾಲ್ಕು ಮೂಲೆಗೂ ತಾವರೆ. ಕೆಲಸ ಅಚ್ಚುಕಟ್ಟಾಗಿದೆ ಎಂದು ಬಾಯಿತುಂಬ ಹೊಗಳಿ ಬಂದೆ. ಯಾರ ಮನೆಯದು ಎಂದು ಕೇಳಲಿಲ್ಲ. ಆ ವಾರದಿಂದ ಅಜ್ಜಿ ರಸ್ತೆಗೆ ಬರುವುದು ನಿಂತಿತು. ಹುಡುಗಿಗೆ ಲೆಕ್ಕ ಬೇಸರವಾಗಿರಬೇಕು ಎಂದುಕೊಂಡೆ.

ಮುಂದಿನ ವಾರವೆಂದ ಆಚಾರಿ ಮೂರನೆಯ ವಾರಕ್ಕೆ ಬಂದ. ಗೊಣಗುತ್ತಲೇ ಬಾಗಿಲನ್ನು ಹೊರಕ್ಕೆ ತಿರುಗಿಸಿದ. ಅರ್ಧ ದಿನದ ಕೆಲಸ. ಬಿಚ್ಚಿದ್ದ ಸೀಟನ್ನು ಅದರ ಜಾಗದಲ್ಲೇ ಕೂರಿಸಿದ. ನಾನು ಅದೇ ಸಂಜೆ ಬಸ್ಸಿನಲ್ಲಿ ಹೋಗಿ, ತಾವರೆಕೆರೆಯಾಚೆ ಇಳಿದು ಕೆಂಚಮ್ಮನ ಮನೆಗೆ ನಡೆದೆ. ಅಜ್ಜಿ ಹೊರಗೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು.

"ಬಾಗಿಲು ಆಯ್ತಮ್ಮ" ಎಂದೆ.

"ಮದ್ವೇನೂ ಆಯ್ತು" ಎಂದಳು ಅಜ್ಜಿ. "ಎಂಟು ದಿನಾತು. ಪಾವಗಡದ ಕಡೆ, ಕ್ಯಾತಗಾನಚೆರ್ಲಿಗೆ ಕೊಟ್ವಿ. ಹುಡ್ಗ ಒಳ್ಳೇನು. ಕುಂತ್ಕಳಿ, ಮಜ್ಜಿಗೆ ಕೊಡ್ತೀನಿ."

ನಾನು ಕೂತೆ. ಮಜ್ಜಿಗೆಗೆ ಉಪ್ಪು ಸರಿಯಾಗಿತ್ತು. ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ಆಕೆ ಬೈಯಲಿಲ್ಲ. "ಶ್ರಾವಣಕ್ಕೆ ನೀವೂ ಕಾಯ್ತಿದ್ರಂತೆ, ನನ್ನ ಮಗನೂ ಕಾಯ್ತಿದ್ದ" ಎಂದಷ್ಟೇ ಅಂದಳು.

ಆ ಸೀಟು ಬಹಳ ದಿನ ಖಾಲಿ ಉಳಿಯಲಿಲ್ಲ. ಪಟೇಲರ ಊರಿನ ಇನ್ನೊಬ್ಬ ಹುಡುಗಿ ಬಂದಳು. ಆಮೇಲೆ ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರ್ ಸಾಹೇಬರು ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ, ಇದು ಯಾರ ಯೋಚನೆ ಎಂದು ಕೇಳಿದರು. ಹೆಡ್‌ಮಾಸ್ಟರು ನನ್ನ ಕಡೆ ಕೈತೋರಿಸಿದರು. ಸಾಹೇಬರು ನನ್ನ ಬೆನ್ನು ತಟ್ಟಿದರು.

ದೀಪಾವಳಿಗೆ ತವರಿಗೆ ಬಂದಿದ್ದ ಕೆಂಚಮ್ಮ ರಜ ಮುಗಿದು ಶಾಲೆ ತೆರೆದ ದಿನವೂ ಊರಿನಲ್ಲೇ ಇದ್ದಳು. ರಜ ಮುಗಿದ ಮೊದಲ ದಿನ ನಾನು ಬಸ್ಸಿನ ಜೊತೆ ಹೋಗುವ ಪದ್ಧತಿ. ಬಸ್ಸು ನಿಂತಾಗ ಅವಳು ಅಜ್ಜಿಯ ಜೊತೆ ರಸ್ತೆಯ ಪಕ್ಕದಲ್ಲಿದ್ದಳು. ಸೀರೆ ಉಟ್ಟಿದ್ದಳು, ಅದು ಅವಳಿಗಿಂತ ದೊಡ್ಡದಾಗಿತ್ತು. ಚೆನ್ನಾಗಿದ್ದೀಯಾ ಎಂದು ಕೇಳಿದೆ. ಮೇಷ್ಟರುಗಳಿಗೆ ಬೇರೆ ಪ್ರಶ್ನೆ ಬರುವುದಿಲ್ಲ.

"ಅಲ್ಲಿ ಎಲ್ಲಾ ತೆಲುಗು ಸಾ" ಎಂದಳು. "ಮೊದ್ಲು ಏನೂ ತಿಳೀತಿರ್ಲಿಲ್ಲ. ಲೆಕ್ಕ ಮಾತ್ರ ಅದೇ."

ಬಾಗಿಲು ನೋಡಬೇಕೆಂದಳು. ಹತ್ತಿ, ಆ ಸಣ್ಣ ಸೀಟಿನಲ್ಲಿ ಕೂತು, ಅಗುಳಿ ಜಾರಿಸಿ ನೋಡಿದಳು. ಕದದ ಅಂಚಿನ ಮೇಲೆ ಬೆರಳಾಡಿಸಿದಳು. ಬಸ್ಸಿನ ಹಿಂದೆ ಇಮಾಂ ಸಾಬರು ಇದ್ದಿಲು ಕೆದಕುತ್ತಿದ್ದರು. ಆ ಸದ್ದು ನಿಂತೊಡನೆ, ಹೊರಡುವ ಹೊತ್ತಾಯಿತೆಂದು ಅವಳೇ ಎದ್ದಳು.

"ಹಿಂಗೇ ಸರಿ ಸಾ. ಹೊರಗೆ ಕಾಯೋರು ಒಂದು ಹೆಜ್ಜೆ ಹಿಂದಕ್ಕೆ ಹೋದ್ರಾಯ್ತು, ಒಳಗಿರೋರಿಗೆ ಏನೂ ತೊಂದ್ರೆಯಿಲ್ಲ" ಎಂದಳು.

ಕೆಳಗಿಳಿದು, ಕದ ತಿರುಗಲು ಎಷ್ಟು ಜಾಗ ಬೇಕೋ ಸರಿಯಾಗಿ ಅಷ್ಟೇ, ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು. ನಾನು ಬಾಗಿಲನ್ನು ಎಳೆದುಕೊಂಡೆ. ಆಚಾರಿಯ ಕೆಲಸದಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಸ್ವಲ್ಪವೂ ಸದ್ದು ಮಾಡದೆ ಮುಚ್ಚಿಕೊಂಡಿತು.