ಚಾಳಿನ ಗೋಡೆಗೆ ಬಳಿದ ಕೆಮ್ಮಣ್ಣು

ಮುಂಬೈಯ ಪವಾಯಿಯಲ್ಲಿರುವ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಒಂದು ಗೋಡೆಯಾದರೂ ಹಳ್ಳಿಮನೆಯ ಹಾಗಿರಲಿ ಎಂದು ಇವತ್ತು ಕೆಮ್ಮಣ್ಣು ಕಲಸಿದೆ. ಒದ್ದೆ ಮಣ್ಣಿನ ವಾಸನೆ ಬಂದದ್ದೇ ತಡ, ಚೆಂಬೂರಿನ ಚಾಳಿನಲ್ಲಿ, ಬಾಡಿಗೆಯ ಸಾಲುಮನೆಗಳ ನಡುವೆ, ಇದ್ದ ನಮ್ಮ ಒಂದೇ ಕೋಣೆಯ ಖೋಲಿ ಕಣ್ಣಮುಂದೆ ಬಂತು.

ಅಪ್ಪನಿಗೆ ರಿಫೈನರಿಯಲ್ಲಿ ಕೆಲಸ. ವಿಜಾಪುರದ ಕಡೆಯ ಅವ್ವನಿಗೆ ಆ ಖೋಲಿಯಲ್ಲಿ ಉಸಿರು ಕಟ್ಟುತ್ತಿತ್ತು. "ನನ್ನ ಊರಿಗಿ ಕಳಿಸ್ರಿ" ಎಂದು ದಿನಾ ಅಪ್ಪನಿಗೆ ಹೇಳುತ್ತಿದ್ದಳು. ಒಮ್ಮೆ ತವರಿಗೆ ಹೋದವಳು ಹಳೇ ಸೀರೆಯಲ್ಲಿ ಕೆಮ್ಮಣ್ಣು ಗಂಟು ಕಟ್ಟಿಕೊಂಡು ರೈಲಿನಲ್ಲಿ ತಂದಳು. ಸೊಂಟದೆತ್ತರದವರೆಗೆ ಗೋಡೆಗೆ ಬಳಿದು, ಅದರ ಮೇಲೆ ಸುಣ್ಣದ ಗೆರೆ ಎಳೆದಳು.

ಚಾಳಿನ ಮಾಲೀಕ ಬಂದು ನೋಡಿ, "ಗೋಡೆ ಕೆಡಿಸಿದ್ದೀರಿ, ಖೋಲಿ ಖಾಲಿ ಮಾಡಿ" ಎಂದ. ನಾನು ಅಪ್ಪನ ಹಿಂದೆ ಅಡಗಿದೆ. ಅವ್ವ ಅಳುತ್ತ, ಒದ್ದೆ ಬಟ್ಟೆ ಹಿಡಿದು ಒರೆಸಲು ಕೂತಳು. ಮಾಲೀಕನ ಜೊತೆ ಬಂದಿದ್ದ ಅವನ ತಾಯಿ, ಕೊಂಕಣದ ಹಳ್ಳಿಯ ಅಜ್ಜಿ, ಅವ್ವನ ಕೈ ಹಿಡಿದು ನಿಲ್ಲಿಸಿದಳು. "ರಾಹೂ ದೇ, ಇರಲಿ ಬಿಡು" ಎಂದು ಮಗನಿಗೆ ಹೇಳಿ, ಗೋಡೆಯ ಮೇಲೆ ಅಂಗೈ ಇಟ್ಟಳು. "ನನ್ನ ತವರುಮನೆ ಹೀಗೇ ಇತ್ತು" ಎಂದು ಮರಾಠಿಯಲ್ಲಿ ಹೇಳಿದಳು.

ಮರುದಿನ ಅವಳ ಮನೆಯ ಗೋಡೆಗೂ ಅವ್ವನೇ ಕೆಮ್ಮಣ್ಣು ಬಳಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಆದರೂ ಮಧ್ಯಾಹ್ನವೆಲ್ಲ ಇಬ್ಬರದೂ ಮಾತೇ ಮಾತು. ಅವ್ವ ಮತ್ತೆ ಊರಿಗೆ ಕಳಿಸಿ ಎನ್ನಲಿಲ್ಲ. ಆ ಅಜ್ಜಿಯನ್ನು ನೆನೆದರೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ.

ಈಗ ಪಕ್ಕದಲ್ಲಿ ನಿಂತಿದ್ದ ನನ್ನ ಮೊಮ್ಮಗಳು, "ಅಜ್ಜಿ, ಮೈಂ ಭೀ... ನಾನೂ ಗೆರೆ ಹಾಕ್ಲಾ?" ಎಂದು ಕೇಳಿದಳು. ಸುಣ್ಣದ ಬಟ್ಟಲನ್ನು ಅವಳತ್ತ ಸರಿಸಿದೆ. ಅವಳ ಮೊದಲ ಗೆರೆ ಸೊಟ್ಟಗೆ ಬಂತು. ಹಾಗೇ ಬಿಟ್ಟೆ.