ಕುಳ್ಳಿನ ಗೋಡೆಯ ಗಣಿತ

ಕಳೆದ ವಾರ ಮೊಮ್ಮಗಳ ಗಣಿತದ ಬುಕ್ಕು ತಿರುವುತ್ತ ಒಂದು ಲೆಕ್ಕಕ್ಕೆ ಬಂದು ನಿಂತುಬಿಟ್ಟೆ. (ಆರನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಗಣಿತವೇಕೆ ಎಂದು ನೀವು ನಗಬಹುದು.)

1, 3, 6, 10, 15... ಇದರ 'ಎನ್'ನೇ ಪದದ ಫಾರ್ಮುಲಾ ಕಂಡುಹಿಡಿಯಿರಿ.

ಅದನ್ನು ನಾನು ಮೊದಲು ನೋಡಿದ್ದು ಬುಕ್ಕಿನಲ್ಲಲ್ಲ, ಗೋಡೆಯ ಮೇಲೆ. ಐವತ್ತರ ದಶಕದ ಆರಂಭ. ಜತ್ತ ತಾಲೂಕಿನ ಉಟಗಿಯ ನಮ್ಮ ಮನೆ.

ತಂಗಿ ನೀಲವ್ವ ಎರಡನೇ ಇಯತ್ತೆಗೇ ಶಾಲೆ ಬಿಟ್ಟಿದ್ದಳು. ಸಗಣಿ ಕಲಸಿ ಗೋಡೆಗೆ ಕುಳ್ಳು ಬಡಿಯುವುದು ಅವಳ ಕೆಲಸ. ಮಾಳಿಗೆ ಹತ್ತುವ ಮೆಟ್ಟಿಲಿನ ಪಕ್ಕದ ಗೋಡೆ ಅದು. ಮೆಟ್ಟಿಲಿನ ಓರೆಗೆ ತಕ್ಕಂತೆ ಮೇಲಿನ ಸಾಲಿಗೆ ಒಂದು ಕುಳ್ಳು, ಅದರ ಕೆಳಗೆ ಎರಡು, ಆಮೇಲೆ ಮೂರು; ಕೂಡಿಸುತ್ತ ಹೋದರೆ ಒಂದು, ಮೂರು, ಆರು. ಎಷ್ಟಾದವು ಎಂದು ಅವ್ವ ಕೇಳಿದರೆ ಎಣಿಸುತ್ತಲೇ ಇರಲಿಲ್ಲ, ಹೇಳಿಬಿಡುತ್ತಿದ್ದಳು. ಒಮ್ಮೆ ತಪ್ಪು ಹಿಡಿಯಲೆಂದೇ ನಾನು ಒಂದೊಂದಾಗಿ ಎಣಿಸಿದೆ. ಏಳು ಸಾಲು, ಇಪ್ಪತ್ತೆಂಟು ಕುಳ್ಳು. ಅವಳು ಹೇಳಿದಷ್ಟೇ.

ಹೇಗೆ?

ಒಣಗಿದ ಕುಳ್ಳುಗಳನ್ನು ಅಂಗಳದಲ್ಲಿ ಮೆಟ್ಟಿಲಿನಂತೆ ಹಾಸಿದಳು. ಅಂಥದೇ ಇನ್ನೊಂದನ್ನು ತಲೆಕೆಳಗಾಗಿ ಅದಕ್ಕೆ ಜೋಡಿಸಿದಳು. ಹಾಸಿದ ಕಂಬಳಿಯಂತೆ ನಾಲ್ಕೂ ಮೂಲೆ ಕೂಡಿದವು. ಏಳು ಸಾಲು, ಸಾಲಿಗೆ ಎಂಟು. ಐವತ್ತಾರು. (ಮಗ್ಗಿಯನ್ನು ಅವಳು ಕಲಿತದ್ದು ನನ್ನ ಬಾಯಿಪಾಠ ಕೇಳಿ.)

"ಅರ್ಧ ಖರೇದು, ಅರ್ಧ ಸುಳ್ಳಂದು. ಸುಳ್ಳಂದು ತಗದ್ ಬಿಡು. ಎಷ್ಟ ಸಾಲ ಇದ್ರೂ ಹಿಂಗ ಅಣ್ಣಾ."

ಎಷ್ಟು ಸಾಲಿದ್ದರೂ! ನಲವತ್ತಾದರೆ ನಲವತ್ತೊಂದರಿಂದ ಗುಣಿಸಿ ಅರ್ಧ ಮಾಡಿದರಾಯಿತು. ಇನ್ನೂ ಬಡಿಯದ ಕುಳ್ಳನ್ನು ಎಣಿಸುವ ಹುಡುಗಿ! ನನ್ನ ಮೈ ಜುಮ್ಮೆಂದಿತು. ಈಗಲೂ ಎನ್ನುತ್ತದೆ.

ಆ ವರ್ಷ ನಮ್ಮ ಮಾಸ್ತರರು ಊರಿನಿಂದ ಒಬ್ಬರನ್ನು ಜತ್ತದ ಬೋರ್ಡಿಂಗಿಗೆ ಕಳಿಸುವವರಿದ್ದರು. ಜಾಣೆಯಾಗಿದ್ದರೆ ಹುಡುಗಿಯಾದರೂ ಸೈ, ಅವಳಪ್ಪನನ್ನು ನಾನು ಒಪ್ಪಿಸುತ್ತೇನೆ ಎಂದಿದ್ದರು. ನಾನು ಪಾಟಿಯ ಮೇಲೆ ಎರಡು ಮೆಟ್ಟಿಲು ಬರೆದು ತೋರಿಸಿದೆ. ಯಾರು ಹೇಳಿಕೊಟ್ಟರು ಎಂದು ಕೇಳಿದರು.

"ಯಾರೂ ಇಲ್ರಿ. ನಾನ ಹುಡುಕೀನ್ರಿ."

ಸಂಜೆ ಮಾಸ್ತರರು ಮನೆಗೇ ಬಂದು ಅಪ್ಪನ ಮುಂದೆ ನನ್ನನ್ನು ಹೊಗಳಿದರು. ನೀಲವ್ವ ಸಗಣಿ ಕೈಯಲ್ಲೇ ನಿಂತು ಎಲ್ಲ ಕೇಳಿದಳು. ಮತ್ತೆ ಸಗಣಿ ಕಲಸತೊಡಗಿದಳು. ಮಾಸ್ತರರು ಬೆನ್ನು ಮಾಡಿ ಕೂತದ್ದು ಅದೇ ಗೋಡೆಗೆ. (ಒಮ್ಮೆ ಹಿಂದೆ ತಿರುಗಿ ನೋಡಿದ್ದರೆ?)

ನಾನು ಜತ್ತಕ್ಕೆ ಹೋದೆ. ಅಲ್ಲಿನ ಲೆಕ್ಕ ಒಂದೂ ತಲೆಗೆ ಹತ್ತಲಿಲ್ಲ. ಎರಡೇ ವರ್ಷಕ್ಕೆ ಓಡಿ ಬಂದೆ. ಅಷ್ಟರಲ್ಲಿ ಅವಳನ್ನು ಸಂಖ ಊರಿಗೆ ಮದುವೆ ಮಾಡಿ ಕೊಟ್ಟಾಗಿತ್ತು.

ಮೊನ್ನೆ ನೀಲವ್ವ ಬಂದಿದ್ದಳು. ಬುಕ್ಕಿನ ಆ ಪುಟ ತೆಗೆದು ಮುಂದಿಟ್ಟು, ಇಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಹೇಳಿದೆ. ಬೈದರೆ ಹಗುರಾಗುತ್ತಿತ್ತು. ಅವಳು ಅಂಕಿಗಳ ಮೇಲೆ ಬೆರಳಾಡಿಸುತ್ತ ಕೂತಳು.

"ಬಿಡೋ ಅಣ್ಣಾ, ಅದು ಆವತ್ತ ಗೊತ್ತಿತ್ತು. ಒಂದ ಮಾತು ಭಾಳ ದಿನದಿಂದ ಕೇಳಬೇಕಂತಿದ್ದೆ. ಇದರ ಮುಂದಿಂದು ಜತ್ತದಾಗ ಏನ್ ಕಲಿಸಿದ್ರು?"