ನಾಲ್ಕನೇ ಗುಂಡಿಯ ಹಾಡು

ಭಾಷಣದ ನಡುವೆ ನನ್ನ ಅಂಗಿಯ ಗುಂಡಿ ಹಾರಿಹೋಯಿತು. ಸುಮ್ಮನೆ ಉದುರಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ಹೊಟ್ಟೆಯ ಮೇಲಿನದು, ಬಹಳ ದಿನಗಳಿಂದ ಸಹಿಸಿಕೊಂಡು ಬಂದದ್ದು. "ನೋವೇ ಹಾಡಿನ ತಾಯಿ" ಎಂದು ನಾನು ಉಸಿರೆಳೆದು ಹೇಳಿದ ಕ್ಷಣಕ್ಕೇ ಕಾದಿತ್ತೇನೋ, ಟಪ್ಪೆಂದು ಸಿಡಿದು ಅಧ್ಯಕ್ಷರ ನೀರಿನ ಲೋಟದೊಳಗೆ ಬಿತ್ತು. ಅಧ್ಯಕ್ಷರು ಲೋಟದೊಳಗೆ ಇಣುಕಿದರು. ಆಮೇಲೆ ನನ್ನ ಹೊಟ್ಟೆಯನ್ನು ನೋಡಿದರು. ಗ್ರಂಥಾಲಯದ ಸಭಾಂಗಣದಲ್ಲಿದ್ದ ನಲವತ್ತು ಜನ ಆ ಸಂಜೆ ಮೊದಲ ಬಾರಿಗೆ ನಕ್ಕರು. ನಾನು ಹಾಸ್ಯ ಬರೆದು ಹೊಟ್ಟೆ ಹೊರೆಯುವವನು. ಅದಕ್ಕೆ ಮುಂಚೆ ಹೇಳಿದ್ದ ಮೂರು ಜೋಕುಗಳಿಗೆ ಒಬ್ಬರೂ ತುಟಿ ಬಿಚ್ಚಿರಲಿಲ್ಲ.

ಭಾಷಣ ಹೇಗೋ ಮುಗಿಸಿ, ಫೈಲನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡು, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಹಿಂದಿನ ಕೋಣೆಗೆ ಸರಿದೆ. ಹಿಂದೆಯೇ ನನ್ನ ಸೋದರತ್ತೆ ಬಂದಳು. ಅಂಗೈಯಲ್ಲಿ ಒದ್ದೆ ಗುಂಡಿ.

ಅತ್ತೆ ನನ್ನ ಭಾಷಣಕ್ಕೆ ಬಂದದ್ದು ಅದೇ ಮೊದಲು. ಅದಕ್ಕೂ ಸಾಹಿತ್ಯಾಭಿಮಾನಕ್ಕೂ ಸಂಬಂಧವಿಲ್ಲ. ಅವಳ ಕೋಣೆಯ ಫ್ಯಾನು ಕೆಟ್ಟಿತ್ತು, ಸಭಾಂಗಣದಲ್ಲಿ ಆರು ಫ್ಯಾನುಗಳಿದ್ದವು.

"ಅಲ್ಲಾಡಬೇಡ, ಚುಚ್ಚುತ್ತೆ" ಎಂದು ತನ್ನ ರವಿಕೆಯ ಕೊರಳಪಟ್ಟಿಯಲ್ಲಿ ಸದಾ ಸಿಕ್ಕಿಸಿಕೊಂಡಿರುವ ಸೂಜಿಯನ್ನು ತೆಗೆದಳು. "ಹೊಟ್ಟೆ ಒಳಗೆ ಎಳ್ಕೋ. ಇನ್ನೂ ಸ್ವಲ್ಪ. ಅಷ್ಟೇನಾ? ಹೋಗಲಿ ಬಿಡು."

ನಾಲ್ಕು ಸಲ ಸೂಜಿ ಆಡಿಸಿ ಕೇಳಿದಳು: "ಅಲ್ವೋ, ಭಾಷಣದಲ್ಲಿ ಆ ಗುಂಡಿ ಹಾಡಿನ ಸಾಲು ಸಾಲಿನ ನಡುವೆ ಅದೇನೋ ಮೌನ ಅಂದ್ಯಲ್ಲ, ಏನದು?"

"ಪ್ರತಿಭಟನೆಯ ಮೌನ ಅತ್ತೆ. ಪ್ರತಿ ಸಾಲಾದ ಮೇಲೂ ಹಾಡು ಒಂದು ಕ್ಷಣ ನಿಲ್ಲುತ್ತೆ. ಯುದ್ಧದ ಎದುರು ಮಾತು ಸೋತ ಜಾಗ ಅದು."

ಅತ್ತೆ ಮೆಲ್ಲಗೆ ಗುನುಗಿದಳು: "ಒಂದನೇ ಗುಂಡಿ ಕೊರಳಿಗೆ, ಚಳಿಯು ತಾಗದಿರಲಿ..." ಗಂಟು ಹಾಕಿದಳು. ನನ್ನ ಹೊಟ್ಟೆಯ ಹತ್ತಿರ ಬಗ್ಗಿ ಹಲ್ಲಿನಿಂದ ದಾರ ಕಡಿದಳು. ತಲೆಯೆತ್ತಿ "ಎರಡನೇ ಗುಂಡಿ ಜೇಬಿಗೆ, ಅಮ್ಮನ ಓಲೆ ಇರಲಿ" ಎಂದು ಮುಂದುವರಿಸಿ, ನನ್ನ ಮುಖ ನೋಡಿದಳು. "ದಾರ ಕಚ್ಚಿಕೊಂಡು ಹೆಂಗೋ ಹಾಡೋದು?"

ಹದಿನೆಂಟು ವರ್ಷಗಳಿಂದ ಊರೂರಿನಲ್ಲಿ ನಾನು ವ್ಯಾಖ್ಯಾನ ಮಾಡಿದ ಮೌನ ಅದು. ಅದರ ಮೇಲೆ ಒಬ್ಬರು ಪ್ರಬಂಧ ಬರೆದು ಪದವಿಯನ್ನೂ ಪಡೆದಿದ್ದಾರೆ.

ಆದರೂ ವಿದ್ವಾಂಸನ ಚಟ ಬಿಡಲಿಲ್ಲ. "ಒಂದು ಆದ ಮೇಲೆ ಏಳನೇ ಗುಂಡಿ ಬರಬೇಕಲ್ಲ ಅತ್ತೆ? ಒಂದು, ಏಳು, ಎರಡು, ಆರು, ಮೂರು, ಐದು, ಕೊನೆಗೆ ನಾಲ್ಕು. ಆ ಕ್ರಮ ತಪ್ಪಿದ ಎಣಿಕೆಯೇ ಯುದ್ಧಕಾಲದ ಅಸ್ತವ್ಯಸ್ತದ..."

"ಏಳನೇದು ನನ್ನದಲ್ಲ" ಎಂದಳು. "ಕಾರ್ಖಾನೇಲಿ ನನ್ನ ಪಕ್ಕ ಕೂರ್ತಿದ್ದ ಎಡಚೀದು. ಒಂದು ಕೋಟನ್ನ ಇಬ್ಬರ ಮಡಿಲ ಮೇಲೂ ಹಾಸ್ಕೊಂಡು ಹೊಲೀತಿದ್ವಿ. ನಾನು ಕೊರಳಿಂದ ಕೆಳಕ್ಕೆ, ಅವಳು ಕೆಳಗಿಂದ ಮೇಲಕ್ಕೆ. ಅಸ್ತವ್ಯಸ್ತ ಏನು ಬಂತು ಅದರಲ್ಲಿ?"

"ಹಾಗಾದರೆ ಏಳು, ಆರು, ಐದನ್ನೂ ಹಾಡಿ."

ಹಾಗೆಂದದ್ದು ನಾನಲ್ಲ. ಬಾಗಿಲಲ್ಲಿ ರೇಡಿಯೋದ ಹುಡುಗಿ ಧ್ವನಿಮುದ್ರಕ ಹಿಡಿದು ನಿಂತಿದ್ದಳು. ಗಡಿಯ ಕಡೆಗೆ ಮತ್ತೆ ಸೈನ್ಯದ ಲಾರಿಗಳು ಹೋಗತೊಡಗಿ ಒಂದು ತಿಂಗಳಾಗಿತ್ತು. ಕಾಲೇಜಿನ ಮಕ್ಕಳು ಬೀದಿಯಲ್ಲಿ ಆ ಹಳೆಯ ಹಾಡನ್ನೇ ಹಾಡುತ್ತಿದ್ದರು. ಅದಕ್ಕೇ ಈ ಸಭೆ, ಅದಕ್ಕೇ ಈ ಹುಡುಗಿ.

"ಅಜ್ಜಿ, ಈ ಹಾಡು ಕಟ್ಟಿದವರು ಯಾರು ಅಂತ ಯಾರಿಗೂ ಗೊತ್ತಿಲ್ಲ ಅಂತ ಸಾರ್ ಈಗ ತಾನೇ ಹೇಳಿದರು!"

"ಪಾಪ, ಅವನಿಗೆ ಹೆಂಗೆ ಗೊತ್ತಿರುತ್ತೆ" ಎಂದಳು ಅತ್ತೆ.

ನನಗೆ ಗೊತ್ತಿತ್ತು.

"ನೀವಿಬ್ಬರೂ ಸೇರಿ ಒಂದು ಸಲ ಹಾಡಿ ಅಜ್ಜಿ. ಸರಿಯಾದ ಪಾಠ ಎಲ್ಲೂ ಇಲ್ಲ."

"ಎಡಚಿ ಕೂತ ಕಡೆ ನಾನು ಕೂರಲ್ಲ. ಅವಳ ಸಾಲು ನನ್ನ ಬಾಯಿಗೂ ಬೇಡ. ಹಾಡನ್ನ ಪೇಪರಿನವರಿಗೆ ಕೊಟ್ಟು ನನ್ನ ಅನ್ನಕ್ಕೆ ಕಲ್ಲು ಹಾಕಿದವಳು." ಸೂಜಿಯನ್ನು ಮತ್ತೆ ಕೊರಳಪಟ್ಟಿಗೆ ಸಿಕ್ಕಿಸಿಕೊಂಡು ಅತ್ತೆ ಹೊರಟಳು.

ಈ ಅತ್ತೆ ಯಾರು ಎಂದು ಹೇಳಿಬಿಡಬೇಕು. ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಇರುವವಳು, ಗಂಡ ಹೋದ ಮೇಲೆ ಹತ್ತೊಂಬತ್ತನೇ ವಯಸ್ಸಿಗೆ ಕೆಲಸಕ್ಕೆ ಸೇರಿದವಳು. ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಜಾ-ಗುಂಡಿ ಕೋಣೆ ಎಂದೊಂದಿತ್ತು. ದಪ್ಪ ಬಟ್ಟೆಯ ಕೋಟುಗಳಿಗೆ ಗುಂಡಿ ಕೂರಿಸುವುದು ಕೈಯಲ್ಲೇ. ಅಲ್ಲಿ ಮಾತಾಡುವಂತಿರಲಿಲ್ಲ. ಮಾತಾಡಿದರೆ ಕೈ ನಿಲ್ಲುತ್ತದೆ, ಹಾಡಿದರೆ ಕೈ ಓಡುತ್ತದೆ ಎಂದು ಮೇಸ್ತ್ರಿ ಕಂಡುಕೊಂಡಿದ್ದ. ಹಾಗಾಗಿ ಆ ಹೆಂಗಸರು ಬೈಗುಳವನ್ನೂ ರಾಗದಲ್ಲೇ ಬೈಯುತ್ತಿದ್ದರು. ಮೇಸ್ತ್ರಿಯ ಬಕ್ಕತಲೆಯ ಮೇಲೆ ಹನ್ನೆರಡು ಪದ್ಯಗಳಿದ್ದವಂತೆ. ಅವನೇ ತಾಳ ಹಾಕುತ್ತಿದ್ದನಂತೆ.

ಕಿಟಕಿಯ ಪಕ್ಕದ ಮಣೆ ಅತ್ತೆಯದು. ಅವಳ ಎಡಕ್ಕೆ ಎಡಗೈಯವಳು, ಎಲ್ಲರ ಬಾಯಲ್ಲಿ ಎಡಚಿ. ಬಲಗೈಯವರಿಬ್ಬರು ಪಕ್ಕಪಕ್ಕ ಕೂತರೆ ಮೊಣಕೈ ಬಡಿದುಕೊಳ್ಳುತ್ತದೆ. ಇವರಿಬ್ಬರಿಗೆ ಆ ತಾಪತ್ರಯವಿಲ್ಲ. ಒಂದೇ ಕೋಟು, ಎರಡು ಸೂಜಿ, ನಡುವಿನ ನಾಲ್ಕನೇ ಗುಂಡಿಯ ಹತ್ತಿರ ಎರಡು ಕೈಗಳ ಭೇಟಿ. ಯಾರು ಮೊದಲು ತಲುಪುತ್ತಾರೋ ಅವರು ಅದನ್ನು ಹೊಲಿಯಬೇಕು. ಸೋತವಳು ನಗಬೇಕು.

ಯುದ್ಧ ಶುರುವಾಗಿ ಏಳನೇ ತಿಂಗಳಿಗೆ ಕೋಟುಗಳು ವಾಪಸು ಬರತೊಡಗಿದವು. ಒಗೆದು, ಮಡಚಿ, ರಿಪೇರಿಗೆಂದು. ಒಂದು ಕೋಟನ್ನು ಬಿಡಿಸಿದಾಗ ಅದು ತಮ್ಮದೇ ಎಂದು ಇಬ್ಬರಿಗೂ ಗೊತ್ತಾಯಿತು. ಮೇಲಿನ ಮೂರರ ಗಂಟು ಬಲಕ್ಕೆ, ಕೆಳಗಿನ ಮೂರರ ಗಂಟು ಎಡಕ್ಕೆ. ಏಳು ಗುಂಡಿಗಳೂ ಭದ್ರವಾಗಿದ್ದವು. ಮೂರನೆಯದರ ಪಕ್ಕದಲ್ಲಿ ಬೆರಳು ತೂರುವಷ್ಟು ತೂತು. "ನಮ್ಮ ಕೆಲಸ ಏನೂ ಕೆಟ್ಟಿರಲಿಲ್ಲ ಕಣೋ" ಎಂದು ಅತ್ತೆ ಒಮ್ಮೆ ಹೇಳಿದ್ದಳು. ಆ ಮಧ್ಯಾಹ್ನ ಅತ್ತೆ ಒಂದು ಸಾಲು ಹೇಳಿದಳು, ಎಡಚಿ ಒಂದು ಹೇಳಿದಳು, ಹಾಡಾಯಿತು. ಕೊನೆಯ ಸಾಲು ಇಬ್ಬರದ್ದೂ: ನಾಲ್ಕನೇ ಗುಂಡಿ ಹೊಲಿಯೋದಿಲ್ಲ, ಮನೆಗೆ ಬಾ, ಹೊಲಿದು ಕೊಡುವೆ.

ಈಗ ನನ್ನ ವಿಷಯ. ಆಗ ನನಗೆ ಇಪ್ಪತ್ತೆರಡು. ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ವಾರಕ್ಕೊಮ್ಮೆ ಸುಳ್ಳು ಹೆಸರಿನಲ್ಲಿ ಅರ್ಧ ಕಾಲಂ ಬರೆಯುವ ಭಾಗ್ಯವೂ ಇತ್ತು. ಒಂದು ಭಾನುವಾರ ಅತ್ತೆ ನನ್ನ ಅಂಗಿ ಹೊಲಿಯುತ್ತ ಏಳೂ ಸಾಲು ಹಾಡಿದಳು. ನನಗೆ ರೋಮಾಂಚನವಾಯಿತು. ಮರುದಿನವೇ ಅಚ್ಚಿಗೆ ಕೊಟ್ಟೆ. ಕೇಳಿದೆನೇ? ಇಲ್ಲ. ಯಾವ ಸಾಲು ಯಾರದ್ದೆಂದು ವಿಚಾರಿಸಿದೆನೇ? ಅದೂ ಇಲ್ಲ. ಬರಹಕ್ಕೆ ಜೀವಕಳೆ ಬರಲೆಂದು "ಸಮವಸ್ತ್ರ ಕಾರ್ಖಾನೆಯ ಗುಂಡಿ ಕೋಣೆಯಲ್ಲಿ, ಕಿಟಕಿಯ ಪಕ್ಕ ಕೂರುವ ಒಬ್ಬಾಕೆ" ಎಂದು ಬೇರೆ ಬರೆದೆ. ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ.

ಹಾಡು ಬೀದಿಗೆ ಬಂತು. ಅಧಿಕಾರಿಗಳು ಕಾರ್ಖಾನೆಗೆ ಬಂದರು. ಗೋದಾಮಿನ ಎಲ್ಲ ಕೋಟುಗಳ ನಾಲ್ಕನೇ ಗುಂಡಿಯನ್ನು ಎರಡು ದಿನ ಕೂತು ಎಳೆದೆಳೆದು ನೋಡಿದರು. ಒಂದೂ ತಪ್ಪಿರಲಿಲ್ಲ. "ಹಾಡಿನಲ್ಲಿ ಇಲ್ಲ, ಕೋಟಿನಲ್ಲಿ ಇದೆ. ಅಂದಮೇಲೆ ಎಲ್ಲೋ ಒಂದು ಕಡೆ ಮೋಸ ಇದೆ" ಎಂದು ತೀರ್ಮಾನಿಸಿ ಅತ್ತೆಯನ್ನು ಕೆಲಸದಿಂದ ತೆಗೆದರು. ಎಡಚಿ ಉಳಿದುಕೊಂಡಳು. ಅತ್ತೆಗೆ ಅಷ್ಟು ಸಾಕ್ಷಿ ಸಾಕಾಯಿತು.

ಆ ಸಂಜೆ ನಾನು ಅವಳ ಕೋಣೆಯಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. "ಯಾರು ಕೊಟ್ಟಿರಬಹುದೋ ಪೇಪರಿಗೆ?" ಎಂದು ಅತ್ತೆ ಕೇಳಿದಳು. ನಾನು ಏನೆಂದೆ ಗೊತ್ತೇ? "ಪತ್ತೆ ಮಾಡೋಣ ಅತ್ತೆ" ಎಂದೆ. ಇನ್ನೊಂದು ಲೋಟ ಚಹಾವನ್ನೂ ಕೇಳಿದೆ.

ಮೂವತ್ತೊಂದು ವರ್ಷಗಳಾದವು. ಅತ್ತೆ ದರ್ಜಿ ಅಂಗಡಿಗಳಿಂದ ಅಂಗಿಗಳ ಗಂಟು ಹೊತ್ತು ತಂದು ಮನೆಯಲ್ಲೇ ಗುಂಡಿ ಹಾಕಿ ಬದುಕಿದಳು. ನಾನು "ಅಜ್ಞಾತರ ಹಾಡು" ಎಂದು ಭಾಷಣ ಮಾಡಿ ಶಾಲು ಹೊದ್ದುಕೊಂಡೆ. ಕಷ್ಟಕಾಲ ಒಳ್ಳೆಯ ಹಾಡು ಕೊಡುತ್ತದೆಂದು ಎಲ್ಲೆಲ್ಲೂ ಹೇಳಿದೆ. ಕಷ್ಟ ಅವಳದಾಗಿತ್ತು, ಹಾಡು ನನಗೆ ಸಿಕ್ಕಿತ್ತು. ಇಂಥ ಸಿದ್ಧಾಂತ ನನಗೆ ಒಪ್ಪಿಗೆಯಾದದ್ದರಲ್ಲಿ ಆಶ್ಚರ್ಯವೇನು?

ಮರುದಿನ ಬೆಳಿಗ್ಗೆ ಹೋದೆ. ಅತ್ತೆ ಕಿಟಕಿಯ ಬೆಳಕಿಗೆ ಅಂಗಿ ಹಿಡಿದು ಕೂತಿದ್ದಳು. ಫ್ಯಾನಿನ ಬಗ್ಗೆ ಮಾತಾಡಿದೆ. ಸೊಂಟನೋವಿನ ಬಗ್ಗೆ ಮಾತಾಡಿದೆ. ಒಂದು ಜೋಕನ್ನೂ ಹೇಳಿದೆ.

"ಏನಾಯ್ತೋ? ಬೆಳಿಗ್ಗೆ ಬೆಳಿಗ್ಗೆ ಬಂದು ಬೆಕ್ಕಿನ ಹಾಗೆ ಸುತ್ತುತಿದ್ದೀಯ. ಮತ್ತೆ ಗುಂಡಿ ಹೋಯ್ತಾ?"

"ಅತ್ತೆ, ಆ ಹಾಡನ್ನ ಪೇಪರಿಗೆ ಕೊಟ್ಟದ್ದು ನಾನು."

ಅವಳು ಕೈಯಲ್ಲಿದ್ದ ಗುಂಡಿಯನ್ನು ಪೂರ್ತಿ ಹೊಲಿದಳು. ಗಂಟು ಹಾಕಿದಳು. ದಾರ ಕಚ್ಚಿದಳು. ಅಷ್ಟು ಹೊತ್ತು ನಾನು ನಿಂತೇ ಇದ್ದೆ. ಆ ಮೌನದ ಬಗ್ಗೆ ನನ್ನಲ್ಲಿ ಯಾವ ವ್ಯಾಖ್ಯಾನವೂ ಇರಲಿಲ್ಲ.

"ಕಿಟಕಿ ಪಕ್ಕ ಅಂತ ಬರೆದದ್ದೂ ನೀನೇನಾ?"

"ನಾನೇ."

"ಆವತ್ತು ಎರಡು ಲೋಟ ಚಹಾ ಕುಡಿದೆ."

ಅದು ಅವಳಿಗೆ ನೆನಪಿತ್ತು. ನಾನು ತಲೆ ತಗ್ಗಿಸಿದೆ. ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಅವಳು ಬೈಯಲಿಲ್ಲ, ಎದ್ದು ಬಾಗಿಲ ಹಿಂದಿನ ಚಪ್ಪಲಿ ಹುಡುಕಿದಳು.

"ನಡಿ. ಅವಳ ಮುಂದೆಯೂ ಹೇಳು. ನನ್ನ ಬಾಯಲ್ಲಿ ಹೇಳಿದರೆ ನಂಬಲ್ಲ ಅವಳು, ಮಹಾ ಹಟಮಾರಿ."

ಎಡಚಿಯ ಮನೆ ಮೂರು ಬೀದಿಯಾಚೆ, ಇಸ್ತ್ರಿ ಅಂಗಡಿಯ ಹಿಂದೆ. ಮೂವತ್ತೊಂದು ವರ್ಷ ಅತ್ತೆ ಆ ಬೀದಿಯನ್ನು ತಪ್ಪಿಸಿಕೊಂಡು ಮಾರುಕಟ್ಟೆಗೆ ಸುತ್ತುಬಳಸಿ ಹೋಗುತ್ತಿದ್ದಳು. ಈಗ ಮೊಣಕಾಲು ನೋವನ್ನು ಮರೆತು ನನಗಿಂತ ಹತ್ತು ಹೆಜ್ಜೆ ಮುಂದಿದ್ದಳು.

ಬಾಗಿಲು ತೆಗೆದ ಮುದುಕಿ ಎಡಗೈಯಲ್ಲಿ ಚಿಲಕ ಹಿಡಿದೇ ನಿಂತಳು. ಒಳಗೆ ಕರೆಯಲೂ ಇಲ್ಲ, ಮುಚ್ಚಲೂ ಇಲ್ಲ.

"ಇವನು ಏನೋ ಹೇಳ್ತಾನೆ, ಕೇಳು" ಎಂದಳು ಅತ್ತೆ, ಗೋಡೆಯನ್ನು ನೋಡುತ್ತ.

ಹೇಳಿದೆ. ಹೊಸ್ತಿಲಾಚೆ ನಿಂತು, ಇಸ್ತ್ರಿಯವನಿಗೂ ಕೇಳಿಸುವಂತೆ, ಎಲ್ಲವನ್ನೂ ಹೇಳಿದೆ. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಕೆಳಗಿನಿಂದ ಮೇಲಕ್ಕೆ ಹೋಗುವುದು ಅವಳ ಅಭ್ಯಾಸ.

"ಹಾಗಾದರೆ ನನ್ನ ಏಳನೇ ಸಾಲು ಕೆಡಿಸಿದವನೂ ನೀನೇ!"

"ಕೆಡಿಸಿದ್ದಲ್ಲ, ಸ್ವಲ್ಪ ತಿದ್ದಿದೆ..."

"ಏಳನೇ ಗುಂಡಿ ಸೊಂಟಕ್ಕೆ, ಓಡಿ ಬರಲು ಸಡಿಲವಿರಲಿ. ಇದು ನಂದು. ನೀನು ಏನು ಅಚ್ಚು ಹಾಕಿದೆ?"

"ಏಳನೇ ಗುಂಡಿ ಸೊಂಟಕ್ಕೆ, ಶಾಂತಿಯ ಕದ ತೆರೆದಿರಲಿ" ಎಂದೆ.

"ಸೊಂಟದ ಹತ್ತಿರ ಕದ ಎಲ್ಲಿಂದ ಬಂತಯ್ಯಾ?" ಎಂದು ಗದರಿಸಿ, ಅತ್ತೆಯ ಕಡೆ ತಿರುಗಿದಳು. "ನಾನು ಇವಳೇ ಅಂದ್ಕೊಂಡಿದ್ದೆ. ಹೆಸರು ಮಾಡೋ ಆಸೆಗೆ ಪೇಪರಿಗೆ ಕೊಟ್ಟಳು, ಅದರಲ್ಲಿ ನನ್ನ ಮಾತೇ ಎತ್ತಲಿಲ್ಲ, ಹೋಗೋ ಮುಂಚೆ ನನ್ನ ಸಾಲಿಗೆ ಕದ ಬೇರೆ ಇಟ್ಟಳು ಅಂತ."

"ಅಯ್ಯೋ, ನಾನು ಯಾವತ್ತಾದರೂ ಶಾಂತಿಯ ಕದ ಅಂತ ಮಾತಾಡಿದ್ದೀನೇನೇ?"

"ಅದೇ ಅಂದ್ಕೊಂಡೆ, ಇವಳಿಗೆ ಇದ್ದಕ್ಕಿದ್ದಂಗೆ ಏನು ಬಂತು ರೋಗ ಅಂತ."

ಇಬ್ಬರೂ ನಕ್ಕರು. ಆಮೇಲೆ ಎಡಚಿ ಕಣ್ಣೊರೆಸಿಕೊಂಡಳು, ಅತ್ತೆ ಒಳಗೆ ಹೋದಳು. ನನ್ನನ್ನು ಯಾರೂ ಕರೆಯಲಿಲ್ಲ. ಇಸ್ತ್ರಿ ಅಂಗಡಿಯ ಹಲಗೆಯ ಮೇಲೆ ಎರಡು ಗಂಟೆ ಕೂತಿದ್ದೆ. ಕ್ಷಮಿಸಿದೆವು ಎಂದು ಅವರು ಅವತ್ತು ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ನಾನೂ ಕೇಳಿಲ್ಲ. ಆ ಇಬ್ಬರಿಗೆ ಸೇರಬೇಕಾಗಿದ್ದ ಮೂವತ್ತೊಂದು ವರ್ಷಗಳನ್ನು ಯಾವ ದರ್ಜಿ ಹೊಲಿದು ಕೊಡುತ್ತಾನೆ?

ಶುಕ್ರವಾರ ರೇಡಿಯೋದ ಹುಡುಗಿ ಅತ್ತೆಯ ಕೋಣೆಗೆ ಬಂದಳು. ಅವಳ ಮುಂದೆಯೂ ಒಂದು ಸಲ ಎಲ್ಲವನ್ನೂ ಹೇಳಿದೆ, ಈ ಸಲ ಧ್ವನಿಮುದ್ರಕ ಓಡುತ್ತಿತ್ತು. ಮುದುಕಿಯರಿಬ್ಬರೂ ಹಾಸಿಗೆಯ ಅಂಚಿನಲ್ಲಿ ಕೂತು ದರ್ಜಿ ಅಂಗಡಿಯ ಒಂದು ಕೋಟನ್ನು ಎರಡು ಮಡಿಲ ಮೇಲೆ ಹಾಸಿಕೊಂಡರು. ಸುಮ್ಮನೆ ಕೂತರೆ ಸಾಲು ಬರುವುದಿಲ್ಲವಂತೆ. ಸೂಜಿಗೆ ದಾರ ಪೋಣಿಸುವ ಕೆಲಸ ನನಗೆ ಕೊಟ್ಟರು. ಕನ್ನಡಕ ಹಾಕಿಕೊಂಡೂ ಐದು ಸಲ ತಪ್ಪಿದೆ. "ಭಾಷಣ ಮಾಡೋ ಕೈ" ಎಂದಳು ಎಡಚಿ.

ಒಂದು, ಏಳು, ಎರಡು, ಆರು. ನಡುನಡುವೆ ಹಲ್ಲಿಗೆ ದಾರ. ಎಡಚಿಗೆ ಈಗ ಎದುರಿನ ಹಲ್ಲಿಲ್ಲ, ಹಾಗಾಗಿ ಅವಳ ಸಾಲಿನ ಬಳಿಕ ವಿರಾಮ ಸ್ವಲ್ಪ ದೀರ್ಘವಾಗಿತ್ತು. ನಾಲ್ಕನೆಯದಕ್ಕೆ ಎರಡು ಕೈ ತಾಗಿದಾಗ ಹಾಡುವುದು ನಿಂತಿತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಆಮೇಲೆ ಕೊನೆಯ ಸಾಲನ್ನು ಬಹಳ ಮೆಲ್ಲಗೆ ಹೇಳಿದರು. ನಾನು ಸೂಜಿಯ ಕಣ್ಣನ್ನೇ ನೋಡುತ್ತಿದ್ದೆ, ಬೇರೆಲ್ಲೂ ನೋಡುವ ಧೈರ್ಯವಿರಲಿಲ್ಲ.

ಹುಡುಗಿ ಮೂಗೊರೆಸಿಕೊಂಡು ಧ್ವನಿಮುದ್ರಕವನ್ನು ಅತ್ತೆಯ ಹತ್ತಿರ ಹಿಡಿದಳು.

"ಅಜ್ಜಿ, ಕಷ್ಟದ ಕಾಲದಲ್ಲೇ ಒಳ್ಳೆಯ ಹಾಡು ಹುಟ್ಟೋದು ಅಂತಾರೆ. ನಿಮಗೇನನ್ನಿಸುತ್ತೆ?"

ಅತ್ತೆ ಎಡಚಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕೋಟನ್ನು ಮಡಚಿದಳು.

"ನಮಗೆ ಹೆಂಗೆ ಗೊತ್ತಾಗಬೇಕಮ್ಮ? ಒಳ್ಳೇ ಕಾಲ ಬಂದ ದಿನ ಹೇಳಿ ಕಳಿಸು, ಆವಾಗಲೂ ಒಂದು ಕಟ್ಟಿ ನೋಡ್ತೀವಿ."